ಹಿಂಲಾಗಕ್ಕೆ ಹಿಡಿದ ಕೈ

ಹೊಳಲ್ಕೆರೆಯ ಶಾಲೆಯ ನೀಲಿ ಮ್ಯಾಟಿನಲ್ಲಿ, ಎಡ ಅಂಚಿನಿಂದ ಒಂದು ಗೇಣು ಒಳಗೆ, ಒಂದು ಕುಳಿ ಇದೆ. ಸಣ್ಣ ತಟ್ಟೆಯಷ್ಟು ಅಗಲ, ಬೆರಳಿನ ಒಂದು ಗೆಣ್ಣಿನಷ್ಟು ಆಳ. ನನ್ನ ಬಲ ಮೊಣಕಾಲು ಊರಿ ಊರಿ ಆದದ್ದು. ಬಲ ಅಂಚಿನಲ್ಲಿ ಅಂಥದ್ದಿಲ್ಲ. ಮ್ಯಾಟಿನ ಒಂದು ತುದಿಯಲ್ಲಿ ಶಾಲೆಯ ಹೆಸರು ಬರೆದಿದೆ. ಆ ತುದಿ ಗೋಡೆಯ ಕಡೆಗೆ ಬರುವಂತೆಯೇ ಯಾವಾಗಲೂ ಹಾಸುತ್ತೇವೆ. ಹಾಗಾಗಿ ಎಡ ಯಾವಾಗಲೂ ಎಡವೇ. ನಾಲ್ಕು ವರ್ಷ ಆ ಮ್ಯಾಟನ್ನು ಎತ್ತಿ ಇಳಿಸಿದರೂ, ಆ ಕುಳಿಯ ಮೇಲೆ ದಿನವೂ ಕೈಯಾಡಿಸಿ ಧೂಳು ಒರೆಸಿದರೂ, ಅದರ ಬಗ್ಗೆ ನಾನು ಏನನ್ನೂ ಯೋಚಿಸಿರಲಿಲ್ಲ.

ನಾನು ಜಿಮ್ನಾಸ್ಟಿಕ್ಸ್ ತರಬೇತುದಾರಳು, ಗುತ್ತಿಗೆಯ ಮೇಲೆ. ಸೋಮವಾರ, ಗುರುವಾರ ಹೊಳಲ್ಕೆರೆ. ಮಂಗಳವಾರ ಹೊಸದುರ್ಗ. ಉಳಿದ ದಿನ ಚಿತ್ರದುರ್ಗದ ಒಳಾಂಗಣ ಕ್ರೀಡಾಂಗಣ. ಭಾನುವಾರ ಹಿರಿಯೂರಿನಲ್ಲಿ ಅಕ್ಕನ ಮನೆ, ಹೋಗಲೇಬೇಕಾದ್ದರಿಂದ. ಚಿತ್ರದುರ್ಗದಲ್ಲಿ ನನಗೆ ಮಹಡಿಯ ಮೇಲೊಂದು ಕೋಣೆ ಇದೆ. ಕಿಟಕಿಯಿಂದ ಜೋಗಿಮಟ್ಟಿಯ ಗಾಳಿಯಂತ್ರಗಳು ಕಾಣುತ್ತವೆ. ಮೂರು ತಿರುಗುತ್ತವೆ, ಒಂದು ನಿಂತೇ ಇರುತ್ತದೆ.

ಮಕ್ಕಳಿಗೆ ಲಾಗ ಕಲಿಸುತ್ತೇನೆ ಎಂದರೆ ಪೂರ್ತಿ ನಿಜವಲ್ಲ. ಲಾಗ ಅವರಿಗೆ ಬರುತ್ತದೆ. ಈ ಕಡೆಯ ಹಳ್ಳಿಯ ಮಕ್ಕಳು ಕೆರೆ ಏರಿಯ ಮೇಲೋ ಹುಲ್ಲಿನ ಬಣವೆಯ ಮೇಲೋ ಯಾರೂ ಹೇಳಿಕೊಡದೆ ಕಲಿತಿರುತ್ತಾರೆ. ಅದರೊಳಗಿನ ತಪ್ಪನ್ನು ತೆಗೆಯುವುದು ನನ್ನ ಕೆಲಸ. ಏರಿಯ ಇಳಿಜಾರಿನಲ್ಲಿ ಕಲಿತ ಮಗು ಸಮನೆಲದಲ್ಲಿ ಅರ್ಧ ಉರುಳಿ ಕುಳಿತುಬಿಡುತ್ತದೆ. ತಳ್ಳುವ ಕೆಲಸವನ್ನು ಅದುವರೆಗೆ ಏರಿಯೇ ಮಾಡಿರುತ್ತದೆ. ಬಣವೆಯ ಮೇಲೆ ಕಲಿತ ಮಗು ನೆತ್ತಿಯನ್ನೇ ನೆಲಕ್ಕೆ ಕೊಡುತ್ತದೆ. ಹುಲ್ಲಿನ ಮೇಲೆ ನೆತ್ತಿ ನೋಯುವುದಿಲ್ಲವಲ್ಲ. ಅಂಥವರ ಗದ್ದಕ್ಕೂ ಎದೆಗೂ ನಡುವೆ ಒಂದು ಕರವಸ್ತ್ರ ಇಟ್ಟು, ಅದು ಬೀಳದ ಹಾಗೆ ಉರುಳಲು ಹೇಳುತ್ತೇನೆ. ಪಕ್ಕಕ್ಕೆ ಚಕ್ರ ಹಾಕುವಾಗ ಕಾಲು ತಲೆಯ ಮೇಲಿಂದ ಹೋಗದೆ ಸುತ್ತಿಕೊಂಡು ಬಂದರೆ ಕಾಲನ್ನು ಬೈದು ಪ್ರಯೋಜನವಿಲ್ಲ, ಕೈ ಇಟ್ಟ ಜಾಗ ನೋಡಬೇಕು. ತಪ್ಪು ಕಾಣುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ್ದರಲ್ಲಿ ದಿನವೂ ಉಪಯೋಗಕ್ಕೆ ಬಂದದ್ದು ಇದೊಂದೇ ಮಾತು.

ಹೊಳಲ್ಕೆರೆಯ ಹನ್ನೆರಡು ಮಕ್ಕಳಲ್ಲಿ ಒಬ್ಬ ಹುಡುಗಿ ಇದ್ದಳು. ಹನ್ನೊಂದು ವರ್ಷ. ಹೊಸದುರ್ಗದ ದಾರಿಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆಯವಳು. ಅಪ್ಪ ಮತ್ತು ತಾತ ವರ್ಷದಲ್ಲಿ ಅರ್ಧ ಕಾಲ ಮಂದೆಯ ಹಿಂದೆ ಊರೂರು ಅಲೆಯುತ್ತಾರೆ. ತಾಯಿ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಹುಡುಗಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಕೈಮೇಲೆ ನಿಂತಾಗಲೂ ತಲೆಕೆಳಗಾಗಿಯೇ ಮಾತಾಡುತ್ತಿದ್ದಳು.

“ಮಿಸ್, ನಿಮ್ಮನೇಲಿ ಯಾರ್‍ಯಾರ್ ಅದಾರೆ?”

“ಹೊಟ್ಟೆ ಒಳಗೆ ಎಳ್ಕೋ.”

“ಎಳ್ಕಂಡಿದೀನಿ. ಯಾರೂ ಇಲ್ವಾ?”

“ಬೆರಳು ಅಗಲ ಮಾಡು.”

“ಯಾರೂ ಇಲ್ಲ ಅನ್ರಿ ಮತ್ತೆ,” ಎಂದು ತೀರ್ಮಾನಿಸಿ ಕೆಳಗಿಳಿಯುತ್ತಿದ್ದಳು.

ಆ ವರ್ಷ ಕ್ರೀಡಾ ವಸತಿ ಶಾಲೆಗೆ ಮಕ್ಕಳನ್ನು ಆರಿಸುವವರು ಚಿತ್ರದುರ್ಗಕ್ಕೇ ಬರುವುದಿತ್ತು. ಹುಡುಗಿಗೆ ಅದೇ ಕೊನೆಯ ಅವಕಾಶ, ಮುಂದಿನ ವರ್ಷ ಅವಳ ವಯಸ್ಸು ಮೀರುತ್ತಿತ್ತು. ಇದರಲ್ಲಿ ಆಗದಿದ್ದರೆ ಲಾಗ ಹಾಕುವುದೆಲ್ಲ ಸಾಕು, ಹುಡುಗಿ ದೊಡ್ಡವಳಾಗುತ್ತಿದ್ದಾಳೆ ಎಂದು ತಾತ ಮಂದೆಯ ಹತ್ತಿರದಿಂದಲೇ ಫೋನಿನಲ್ಲಿ ಹೇಳಿಬಿಟ್ಟಿದ್ದ. ಆಯ್ಕೆಯಲ್ಲಿ ಓಟ, ಜಿಗಿತ, ಬಾಗುವುದು ಎಲ್ಲ ಇತ್ತು. ಅವು ಅವಳಿಗೆ ಲೆಕ್ಕವಲ್ಲ. ಉಳಿದದ್ದು ಹಿಂಲಾಗ: ನಿಂತಲ್ಲಿಂದ ಹಿಂದಕ್ಕೆ ಹಾರಿ, ಎರಡು ಕೈ ಊರಿ, ಮತ್ತೆ ಕಾಲಿನ ಮೇಲೆ ಬಂದು ನಿಲ್ಲುವುದು. ಮೂರು ಅವಕಾಶ. ಯಾರೂ ಮುಟ್ಟುವಂತಿಲ್ಲ.

ಕಲಿಸುವಾಗ ಮುಟ್ಟಲೇಬೇಕು. ನಾನು ಮಗುವಿನ ಎಡಗಡೆ ಮಂಡಿಯೂರಿ, ಬಲಗೈಯನ್ನು ಅದರ ಸೊಂಟದ ಹಿಂದೆ, ಎಡಗೈಯನ್ನು ತೊಡೆಯ ಕೆಳಗೆ ಇಡುತ್ತೇನೆ. ಮೊದಮೊದಲು ಪೂರ್ತಿ ಭಾರ ನನ್ನ ಕೈ ಮೇಲೆ ಬರುತ್ತದೆ. ಆಮೇಲೆ ಅರ್ಧ. ಆಮೇಲೆ ಬೆನ್ನಿನ ಬೆವರು ತಾಗುವಷ್ಟು. ಆ ಹುಡುಗಿ ಈ ಕೊನೆಯ ಘಟ್ಟಕ್ಕೆ ಬಂದು ಆರು ತಿಂಗಳಾಗಿತ್ತು. ನಾನು ಕೈ ತೆಗೆದಿರಲಿಲ್ಲ. ಅವಳಲ್ಲಿ ಒಂದು ತಪ್ಪು ಉಳಿದಿದೆ, ಅದು ಹೋದ ಮೇಲೆ ತೆಗೆಯೋಣ ಎಂದುಕೊಂಡಿದ್ದೆ.

ಆ ತಪ್ಪು ಇದು: ಅವಳ ಎಡಗೈ ಬಲಗೈಗಿಂತ ಮೊದಲು ನೆಲ ಮುಟ್ಟುತ್ತಿತ್ತು. ಭುಜ ವಾಲಿ, ಸೊಂಟ ತಿರುಚಿ, ಕಾಲು ಗೆರೆಯಿಂದ ಎಡಕ್ಕೆ ಬಂದು ಇಳಿಯುತ್ತಿತ್ತು. ಮ್ಯಾಟಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಅಂಗೈ ಬರೆದೆ. ಬಲಗೈ ಸರಿಯಾಗಿ ತನ್ನ ಚಿತ್ರದ ಮೇಲೆ ಕೂರುತ್ತಿತ್ತು, ಎಡಗೈ ನಾಲ್ಕು ಬೆರಳು ಆಚೆ. ಹೆಬ್ಬೆರಳು ನೋಡುತ್ತಾ ಹಾರು ಎಂದೆ. ಎರಡೂ ಮಣಿಕಟ್ಟಿಗೆ ಸಡಿಲವಾಗಿ ಒಂದು ರಿಬ್ಬನ್ ಕಟ್ಟಿದೆ. ಗೋಡೆಗೆ ಕಾಲು ಕೊಟ್ಟು ಕೈಮೇಲೆ ನಿಲ್ಲಿಸಿ ಎಡ ಭುಜವನ್ನು ಬಲಪಡಿಸಿದೆ. ನೋಟ್‌ಬುಕ್ಕಿನಲ್ಲಿ ಪ್ರತಿ ಸೋಮವಾರ, ಗುರುವಾರ ಒಂದೇ ಸಾಲು ಬರೆದಿದ್ದೇನೆ: ಎಡಗೈ ಮೊದಲು.

“ಬಲಗೈ ಹೇಳಿದ್ ಮಾತು ಕೇಳ್ತೈತೆ ಮಿಸ್,” ಎನ್ನುತ್ತಿದ್ದಳು ಹುಡುಗಿ. “ಎಡಗೈದು ಒಂಚೂರು ಆತ್ರ. ನಮ್ಮ ತಾತನ್ ತರ.”

ಆಯ್ಕೆಗೆ ಹತ್ತು ದಿನ ಇರುವಾಗ, ಒಂದು ಗುರುವಾರ, ಶಾಲೆಯ ಪಿ.ಟಿ. ಮೇಷ್ಟ್ರು ಫೋನ್ ಹಿಡಿದು ಬಂದರು. ಶಾಲೆಯ ಗ್ರೂಪಿಗೆ ಹಾಕಲು ಅವರಿಗೊಂದು ವಿಡಿಯೋ ಬೇಕಿತ್ತು. ನಾನು ಯಾವ ಚಿತ್ರದಲ್ಲೂ ಬರಲು ಒಪ್ಪುವುದಿಲ್ಲ ಎಂಬುದು ಅವರಿಗೆ ಹಳೆಯ ವಿಷಯ. ಹುಡುಗಿಯ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಅತ್ತಿತ್ತ ಸರಿದು ತೆಗೆದರು. ಆಮೇಲೆ ನಗುತ್ತಾ ಫೋನು ಚಾಚಿದರು.

“ನಿಮ್ಮನ್ನ ಪೂರ್ತಿ ಹೊರಗಿಟ್ಟೀನಿ ಮೇಡಂ, ಬೈಬೇಡ್ರಿ. ಕೈ ಒಂದು ಬಂದುಬಿಟ್ಟೈತೆ. ಅದನ್ನ ಯಾರ್ ಗುರುತು ಹಿಡೀತಾರೆ ಬಿಡ್ರಿ.”

ಪರದೆಯ ಮಧ್ಯದಲ್ಲಿ ಹುಡುಗಿ ನೆಟ್ಟಗೆ ನಿಂತಿದ್ದಳು. ಬಲ ಅಂಚಿನಿಂದ ಒಂದು ಕೈ ಒಳಗೆ ಬಂತು. ಮೊಣಕೈವರೆಗೆ ಮಾತ್ರ. ಉಗುರು ಚಿಕ್ಕದಾಗಿ ಕತ್ತರಿಸಿದ್ದ, ಬಳೆಯಿಲ್ಲದ ಕೈ. ಅದು ಬಂದ ತಕ್ಷಣ ಹುಡುಗಿಯ ಕಣ್ಣು ಆ ಕಡೆ ಹೋಯಿತು. ಗದ್ದ ಒಂದು ಎಳೆ ಎಡಕ್ಕೆ ತಿರುಗಿತು. ಎಡ ಭುಜ ಕೈಯ ಕಡೆಗೆ ಇಳಿಯಿತು. ಅದಾದ ಮೇಲೆ ಅವಳು ಮಂಡಿ ಬಾಗಿಸಿದಳು.

ನಾನು ಅದನ್ನು ಮತ್ತೆ ಹಾಕಿಸಿದೆ. ಮೇಷ್ಟ್ರು ಮೂರನೆಯ ಸಲಕ್ಕೆ ಫೋನನ್ನೇ ನನ್ನ ಕೈಗೆ ಕೊಟ್ಟು ಕಬಡ್ಡಿ ಹುಡುಗರ ಕಡೆ ಹೋದರು. ನನ್ನ ಮುಖವೂ ಇದ್ದಿದ್ದರೆ ಬಹುಶಃ ನನ್ನನ್ನೇ ನೋಡುತ್ತಿದ್ದೆ, ತಲೆ ಕೆದರಿದೆಯೇ ಎಂದು. ಬರೀ ಕೈ ಇದ್ದದ್ದರಿಂದ ಅದು ಬೇರೆ ಯಾರದ್ದೋ ಕೈಯಂತೆ ಕಂಡಿತು. ಬೇರೆಯವರ ಕೈಯಾಗಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ನನಗೆ ಹೇಳಿಕೊಂಡೆ. ಹುಡುಗಿ ತಾನಾಗಿ ಹಾರುತ್ತಿಲ್ಲ. ಕೈ ಬರಲೆಂದು ಕಾಯುತ್ತಾಳೆ, ಬಂದ ಮೇಲೆ ಅದರ ಕಡೆಗೆ ವಾಲಿಕೊಂಡು ಹಾರುತ್ತಾಳೆ. ಅವಳ ಎಡಗೈಯನ್ನು ಆರು ತಿಂಗಳಿಂದ ತಿದ್ದುತ್ತಿದ್ದವಳು ಆರು ತಿಂಗಳಿಂದ ಅವಳ ಎಡಗಡೆಯೇ ಕೂತಿದ್ದಳು.

ಹೊರಡುವಾಗ ಮ್ಯಾಟು ಎತ್ತಿದೆ. ಕುಳಿ ಒಂದೇ ಕಡೆ ಇತ್ತು.

ಆಯ್ಕೆ ಹತ್ತಿರವಾದ್ದರಿಂದ ಹುಡುಗಿ ಶನಿವಾರ ಚಿತ್ರದುರ್ಗಕ್ಕೂ ಬರುತ್ತಿದ್ದಳು. ಆ ಶನಿವಾರ ಅಲ್ಲಿ ಅವಳ ಬಲಗಡೆ ಕೂತೆ. ಹುಡುಗಿ ನನ್ನನ್ನು ನೋಡಿ, “ಅಲ್ಯಾಕೆ ಕುಂತೀರ ಮಿಸ್?” ಎಂದಳು. ಹಾರಿದಳು. ಬಲಗೈ ಮೊದಲು ಬಂತು, ಕಾಲು ಗೆರೆಯ ಬಲಕ್ಕೆ ಇಳಿಯಿತು. ಇನ್ನು ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಮಾರನೆಯ ದಿನ ಹಿರಿಯೂರಿನಲ್ಲಿ ಅಕ್ಕ ಹುರುಳಿಕಾಯಿ ಬಿಡಿಸುತ್ತಾ ನನ್ನನ್ನೇ ನೋಡುತ್ತಿದ್ದಳು. ಭಾವ ಮಾರಿಕಣಿವೆಯ ಮೀನು ತರಲು ಹೋಗಿದ್ದರು.

“ಏನಾರ ಮಾತಾಡೇ. ಬಸ್‌ಸ್ಟ್ಯಾಂಡಾಗೆ ಕುಂತಂಗೆ ಕುಂತಿದೀಯ.”

“ಏನಿಲ್ಲ ಅಕ್ಕ.”

“ವಾರಕ್ಕೊಂದಿನ ಬರ್ತೀಯ, ಏನಿಲ್ಲ ಅಂತೀಯ, ಉಂಡು ಹೋಗ್ತೀಯ. ನಮ್ಮನೆ ಬೆಕ್ಕು ಇದಕ್ಕಿಂತ ಮೇಲು, ಕಾಲಾದ್ರೂ ಸವರ್ತೈತೆ.”

ನಾನು ನಕ್ಕೆ. ಅಕ್ಕನೂ ನಕ್ಕು, ಒಂದು ಹಿಡಿ ಕಾಯಿಯನ್ನು ನನ್ನ ಮಡಿಲಿಗೆ ಹಾಕಿದಳು. ಅವುಗಳನ್ನು ಬಿಡಿಸುವಾಗ ಲೆಕ್ಕ ಹಾಕಿದೆ: ಕೋಣೆಯ ಬಾಗಿಲು ತೆಗೆಯುವುದರಿಂದ ಹಿಡಿದು ಮತ್ತೆ ಹಾಕುವವರೆಗೆ, ಒಂದು ದಿನದಲ್ಲಿ ನಾನು ಇನ್ನೊಬ್ಬರನ್ನು ಮುಟ್ಟುವುದು ಎಲ್ಲಿ? ಮ್ಯಾಟಿನ ಮೇಲೆ ಮಾತ್ರ. ಭಯಕ್ಕೆ ಬಿಗಿಯಾಗಿರುವ ಚಿಕ್ಕ ಬೆನ್ನು ಕೈಗೆ ಬರುತ್ತದೆ, ತೂಗುತ್ತದೆ, ಹೋಗುತ್ತದೆ. ಆರು ತಿಂಗಳ ಹಿಂದೆಯೇ ತೆಗೆಯಬಹುದಾಗಿದ್ದ ಕೈಯನ್ನು ನಾನು ತೆಗೆಯದೆ ಇದ್ದದ್ದು ಹುಡುಗಿಯ ತಪ್ಪಿನ ಕಾರಣಕ್ಕೆ ಮಾತ್ರವೇ? ಇದನ್ನು ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಮದುವೆಯ ಮಾತಿಗೆ ಬರುತ್ತಿದ್ದಳು, ಅದು ಇದಕ್ಕೆ ಉತ್ತರವಲ್ಲ.

ಸೋಮವಾರ ಹೊಳಲ್ಕೆರೆಯಲ್ಲಿ ಮ್ಯಾಟಿನಿಂದ ನಾಲ್ಕು ಹೆಜ್ಜೆ ದೂರ ನಿಂತು, ಹಾರು ಎಂದೆ. ಹುಡುಗಿ ತೋಳು ಎತ್ತಿದಳು. ಮಂಡಿ ಬಾಗಿಸಿದಳು. ಎಡಕ್ಕೆ ನೋಡಿದಳು. ನಿಂತಳು.

“ಮಿಸ್, ಹತ್ರ ಬರ್ರಿ.”

“ನಾನು ಹಿಡಿಯೋದೇ ಇಲ್ಲ ಈಗ. ಬರೀ ತಾಗಿಸ್ತೀನಿ ಅಷ್ಟೆ. ನಿಂಗೆ ಬರುತ್ತೆ.”

“ಗೊತ್ತು ಮಿಸ್. ಹಿಡೀಬೇಡ್ರಿ. ಸುಮ್ನೆ ಕುಂತಿರ್ರಿ.”

“ಅವತ್ತು ಕೂರೋ ಹಾಗಿಲ್ಲ.”

ಅವಳು ಮತ್ತೆ ತೋಳು ಎತ್ತಿದಳು, ಮತ್ತೆ ಇಳಿಸಿದಳು. ಸಾಲಿನಲ್ಲಿದ್ದ ಒಬ್ಬಳು, “ಲೇ, ಬಸ್ಸಿಗೆ ಕೈ ಮಾಡ್ತಿದೀಯೇನೇ,” ಎಂದು ಚುಚ್ಚಿದಳು. ಎಲ್ಲರೂ ನಕ್ಕರು. ಯಾವತ್ತೂ ತಿರುಗಿ ಹೇಳದೆ ಬಿಡದ ಹುಡುಗಿ ಅವತ್ತು ಸುಮ್ಮನೆ ಹೋಗಿ ಗೋಡೆಗೆ ಒರಗಿ ಕೂತಳು. ಆ ಸಂಜೆ ಅವಳು ಒಂದು ಸಲವೂ ಹಾರಲಿಲ್ಲ.

ತಾಯಿ ಅಡುಗೆ ಕೋಣೆಯ ಹಿಂದೆ ದೊಡ್ಡ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದಳು. ನಾನು ಹೋಗಿ ನಿಂತೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಂದು ಮಣೆ ಸರಿಸಿದಳು.

“ಕುಂತ್ಕಳ್ರಿ ಮೇಡಮ್ಮ. ಏನಂತಾಳೆ ಮಹಾರಾಣಿ?”

ಹೇಳಬೇಕಾದದ್ದನ್ನು ಮ್ಯಾಟು ಎತ್ತುವಾಗಲೇ ವಾಕ್ಯ ಮಾಡಿಕೊಂಡಿದ್ದೆ. “ಅವಳಿಗೆ ನನ್ನ ಕೈ ಇಲ್ಲದೆ ಹಾರೋಕೆ ಆಗ್ತಿಲ್ಲ. ತಪ್ಪು ಅವಳದಲ್ಲ, ನಂದು. ಆರು ತಿಂಗಳ ಹಿಂದೇನೇ ಬಿಡಬೇಕಿತ್ತು. ಬಿಡಲಿಲ್ಲ. ಭಾನುವಾರ ಏನಾಗುತ್ತೋ ಗೊತ್ತಿಲ್ಲ.”

ಅವಳು ಇನ್ನೊಂದು ಪಾತ್ರೆಯನ್ನು ಬೋರಲು ಹಾಕಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

“ತಾಯಿ ಸತ್ತ ಕುರಿಮರಿಗೆ ಹಾಲು ಕುಡಿಯಾದು ಹೆಂಗೆ ಕಲಿಸ್ತಾರೆ ಗೊತ್ತೇನ್ರಿ ನಿಮಗೆ? ಬೋಗಣಿ ಹಾಲಾಗೆ ಕೈಯಿಟ್ಟು, ಬೆರಳು ಬಾಯಿಗೆ ಕೊಡ್ತೀವಿ. ಬೆರಳು ಚೀಪ್ತಾ ಚೀಪ್ತಾ ಹಾಲು ಕುಡೀತೈತೆ. ಮೂರು ನಾಕು ದಿನಕ್ಕೆ ಬೆರಳು ಎಳ್ಕಬೇಕು. ನಮ್ಮತ್ತೆ ಎಳ್ಕಂತಿರ್ಲಿಲ್ಲ. ಅಯ್ಯೋ ಪಾಪ, ಅಯ್ಯೋ ಪಾಪ ಅಂತ ಇಟ್ಕಂಡೇ ಇರೋಳು. ಒಂದು ಟಗರು ಇಷ್ಟೆತ್ತರ ಬೆಳ್ದು, ಕೊಂಬು ಬಂದ್ಮೇಲೂ ಅವಳ ಹಿಂದೆ ಬೆರಳು ಚೀಪಾಕೆ ಬರ್ತಿತ್ತು. ಬಚ್ಲಿಗೂ ಬಿಡ್ತಿರ್ಲಿಲ್ಲ.”

ಅವಳು ನಗತೊಡಗಿದಳು. ನನಗೂ ನಗು ಬಂತು, ಬರಬಾರದ ಹೊತ್ತಿನಲ್ಲಿ.

“ಆಮೇಲೆ ಏನ್ ಮಾಡಿದ್ರಿ?”

“ಏನ್ ಮಾಡ್ತೀವಿ. ಅತ್ತೇನೇ ಹದಿನೈದು ದಿನ ತವರಿಗೆ ಕಳಿಸಿದ್ವಿ.” ಪಾತ್ರೆಯ ತಳವನ್ನು ತಟ್ಟಿ ನೀರು ಇಳಿಸಿದಳು. ಆಮೇಲೆ ನಗು ಬಿಟ್ಟು ಹೇಳಿದಳು: “ಇದೊಂದು ಆಗ್ಲೇಬೇಕು ಮೇಡಮ್ಮ. ಆಗ್ದಿದ್ರೆ ನಮ್ಮ ಮಾವ ಕೇಳಲ್ಲ. ನಾನೂ ಎಷ್ಟಂತ ಎದ್ರು ನಿಲ್ಲಲಿ.”

ಗುರುವಾರ ಹುಡುಗಿ ಎರಡು ಸಲ ಹಾರಿದಳು, ಎರಡು ಸಲವೂ ಮೊಣಕೈ ಬಾಗಿ ಭುಜದ ಮೇಲೆ ಬಿದ್ದಳು. ಮ್ಯಾಟು ದಪ್ಪವಿತ್ತು, ಏನೂ ಆಗಲಿಲ್ಲ. ಬಿದ್ದವಳು ಎದ್ದು ಮೊದಲು ನೋಡಿದ್ದು ನಾನೆಲ್ಲಿದ್ದೇನೆ ಎಂದು. ಶನಿವಾರ ಹಾರಲೇ ಇಲ್ಲ. ನಾನೂ ಒತ್ತಾಯಿಸಲಿಲ್ಲ.

ಭಾನುವಾರ ಅಕ್ಕನಿಗೆ ಬರುವುದಿಲ್ಲ ಎಂದು ಮೆಸೇಜು ಹಾಕಿ, ಏಳು ಗಂಟೆಗೇ ಚಿತ್ರದುರ್ಗದ ಒಳಾಂಗಣಕ್ಕೆ ಹೋದೆ. ಹುಡುಗಿಯನ್ನೂ ತಾಯಿಯನ್ನೂ ಪಿ.ಟಿ. ಮೇಷ್ಟ್ರು ಕರೆದುಕೊಂಡು ಬಂದರು. ಫೋನುಗಳನ್ನು ಬಾಗಿಲಲ್ಲೇ ಇರಿಸಿಕೊಂಡರು. ಆರಿಸಲು ಬಂದವರಲ್ಲಿ ಮುಖ್ಯರಾದವರು ವಸತಿ ಶಾಲೆಯ ತರಬೇತುದಾರರು, ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ಸೀಟಿ. ತರಬೇತುದಾರರು, ಮನೆಯವರು ಹಗ್ಗದಾಚೆ ಕೂರಬೇಕಿತ್ತು. ಮೇಷ್ಟ್ರು ಹಿಡಿದಿಟ್ಟ ಜಾಗದಲ್ಲಿ ಹೋಗಿ ಕೂತೆ.

ಓಟದಲ್ಲಿ, ಜಿಗಿತದಲ್ಲಿ ಹುಡುಗಿ ಚೆನ್ನಾಗಿಯೇ ಮಾಡಿದಳು. ಹನ್ನೊಂದು ಗಂಟೆಗೆ ಹಿಂಲಾಗಕ್ಕೆ ಕರೆದರು. ಮ್ಯಾಟಿನ ಮೇಲೆ ನಿಂತಳು, ತೋಳು ಎತ್ತಿದಳು, ಎಡಕ್ಕೆ ನೋಡಿದಳು. ಹಗ್ಗದಾಚೆ, ನಾಲ್ಕನೇ ಕುರ್ಚಿಯಲ್ಲಿ ನಾನಿದ್ದೆ. ಅವಳು ತೋಳು ಇಳಿಸಿದಳು. ಒಂದು ಅವಕಾಶ ಹೋಯಿತು.

“ಯಾರನ್ನ ಹುಡುಕ್ತಿದೀಯಮ್ಮಾ?” ಎಂದರು ಸೀಟಿಯವರು. ಹುಡುಗಿ ಎರಡನೆಯ ಸಲ ಅರ್ಧ ಹಾರಿ ಕುಂಡೆಯ ಮೇಲೆ ಕುಳಿತುಬಿಟ್ಟಳು. ಎದ್ದಳು. ಮತ್ತೆ ನನ್ನ ಕಡೆ ನೋಡಿದಳು.

ಇಷ್ಟು ದಿನ ಕೈಯನ್ನು ತೆಗೆದಿದ್ದೆ, ನನ್ನನ್ನು ತೆಗೆದಿರಲಿಲ್ಲ. ಅಲ್ಲಿ ಇರುವವರೆಗೆ ಅವಳು ನೋಡುತ್ತಾಳೆ, ನೋಡಿದರೆ ಗದ್ದ ತಿರುಗುತ್ತದೆ. ನಾನು ಎದ್ದೆ.

“ಎಲ್ಲಿಗೆ ಮೇಡಂ? ಈಗ್ಲಾ?” ಎಂದರು ಮೇಷ್ಟ್ರು.

“ನೀರು ಕುಡಿದು ಬರ್ತೀನಿ.”

ತಾಯಿ ಕಾಲು ಮಡಚಿ ದಾರಿ ಬಿಟ್ಟಳು. ನಾನು ಹುಡುಗಿಗೆ ಕಾಣುವಂತೆಯೇ ನಡೆದು, ಬಾಗಿಲು ದಾಟಿ, ಹೊರಗೆ ತಗಡಿನ ಗೋಡೆಯ ಪಕ್ಕ ನಿಂತೆ. ಬೈಕುಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಒಂದರ ಸೀಟಿನ ಮೇಲೆ ಯಾರೋ ಟವೆಲು ಹಾಸಿದ್ದರು. ಒಳಗೆ ಸೀಟಿ ಊದಿದರು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಮ್ಯಾಟಿನ ಮೇಲೆ ಒಂದು ಸದ್ದು, ಅದರ ಬೆನ್ನಿಗೇ ಇನ್ನೊಂದು. ಎರಡೇ. ಒಂದು ಕೈ ಮೊದಲು ಬಂದರೆ ಮೂರು ಸದ್ದಾಗುತ್ತದೆ: ಕೈ, ಕೈ, ಕಾಲು. ಆರು ತಿಂಗಳು ನಾನು ಕೇಳಿದ್ದು ಮೂರು.

ಬೇರೆ ಯಾರದ್ದೋ ಸರದಿ ಇರಬಹುದು ಎಂದುಕೊಂಡು ಅಲ್ಲೇ ನಿಂತೆ. ಒಳಗೆ ಮೇಷ್ಟ್ರ ಚಪ್ಪಾಳೆ ಕೇಳಿತು. ಅವರ ಚಪ್ಪಾಳೆ ಕಬಡ್ಡಿ ಮೈದಾನದ್ದು, ಗುರುತು ತಪ್ಪುವುದಿಲ್ಲ.

ಹುಡುಗಿ ಓಡಿ ಬಂದಳು. “ಎಲ್ಲಿಗೆ ಹೋಗಿದ್ರಿ ಮಿಸ್? ಹಾಕ್ದೆ ನಾನು. ನೋಡ್ಲಿಲ್ವಾ?”

“ಕೇಳಿಸ್ಕೊಂಡೆ.”

“ಲಾಗ ಯಾರಾರ ಕೇಳಿಸ್ಕಂತಾರಾ?” ಎಂದು ನಕ್ಕು, ಅಮ್ಮನ ಹತ್ತಿರ ಓಡಿದಳು. ಅವಳು ನನ್ನ ಕೈಯಿಲ್ಲದೆ ಹಾಕಿದ ಮೊದಲ ಹಿಂಲಾಗವನ್ನು ನಾನು ನೋಡಿಲ್ಲ. ಅದರ ವಿಡಿಯೋ ಕೂಡ ಇಲ್ಲ.

ನಾಲ್ಕು ಗಂಟೆಗೆ ಬಾಗಿಲಿಗೆ ಪಟ್ಟಿ ಅಂಟಿಸಿದರು. ಅವಳ ಹೆಸರಿತ್ತು. ತಾಯಿ ಆ ಹೆಸರಿನ ಮೇಲೆ ಬೆರಳಿಟ್ಟು, ಮಾವನಿಗೆ ಫೋನು ಹಚ್ಚಿ, “ಆತು ಮಾವ,” ಎಂದಷ್ಟೇ ಹೇಳಿ ಇಟ್ಟಳು. ನನ್ನ ಕಡೆ ತಿರುಗಿ, “ಬರ್ರಿ ಮೇಡಮ್ಮ, ಚಾ ಕುಡಿಯಾಣ,” ಎಂದಳು. ಕುಡಿದೆವು. ಹುಡುಗಿ ನನ್ನ ಪಾಲಿನ ಬನ್ನನ್ನೂ ತಿಂದಳು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅವಳು ವಸತಿ ಶಾಲೆಗೆ ಹೋಗಬೇಕಿತ್ತು. ಅಲ್ಲಿ ಮಂಚದ ಮೇಲೆ ಮಂಚ ಇರುತ್ತದಂತೆ, ತನಗೆ ಮೇಲಿನದ್ದೇ ಬೇಕು ಎಂದು ಆಗಲೇ ಜಗಳ ಶುರುಮಾಡಿದ್ದಳು.

ಹೊರಡುವ ಮೊದಲು ಸೀಟಿಯವರು ನನ್ನನ್ನು ಕರೆದರು. “ಮೊಣಕೈ ಸ್ವಲ್ಪ ಬಾಗುತ್ತೆ. ನಾನು ನೋಡ್ಕೊತೀನಿ. ನೀವು ಬರೆದಿಟ್ಟಿದ್ದು ಏನಾದ್ರೂ ಇದ್ರೆ ಕಳಿಸಿ, ಮಕ್ಕಳು ಬರೋ ಮೊದ್ಲೇ ಓದಿರ್ತೀನಿ.” ವಿಳಾಸ ಬರೆದುಕೊಟ್ಟರು. ಕೋಣೆಗೆ ಬಂದು ಅನ್ನ ಮಾಡಿಕೊಂಡೆ. ಕೆಳಗಿನ ಮನೆಯಲ್ಲಿ ನೆಂಟರು ಬಂದಿದ್ದರು, ಗಲಾಟೆ ಇತ್ತು.

ಮರುದಿನ ಸೋಮವಾರ, ಹೊಳಲ್ಕೆರೆಯ ಪಾಠ ಸಂಜೆಗೆ. ಬೆಳಿಗ್ಗೆ ಆರಕ್ಕೆ ಎದ್ದು ನೋಟ್‌ಬುಕ್ಕಿನಿಂದ ಅವಳ ಪುಟಗಳನ್ನು ಬಿಳಿ ಹಾಳೆಗೆ ಇಳಿಸಲು ಕೂತೆ. ‘ಎಡಗೈ ಮೊದಲು’ ಎಂಬ ಸಾಲು ಮತ್ತೆ ಮತ್ತೆ ಬಂತು. ಹನ್ನೆರಡನೆಯ ಸಲಕ್ಕೆ ನಿಲ್ಲಿಸಿ, ಆ ಹಾಳೆಗಳನ್ನು ಪಕ್ಕಕ್ಕಿಟ್ಟು, ಹೊಸ ಹಾಳೆಯ ಮೇಲೆ ಹೀಗೆ ಬರೆದೆ: ‘ಈ ಬಾಲಕಿಯ ಹಿಂಲಾಗದಲ್ಲಿ ಎಡಕ್ಕೆ ವಾಲುವ ತಪ್ಪು ಕಂಡುಬಂದರೆ ಅದು ನಾನು ಕಲಿಸಿದ್ದು. ನಾನು ಎಡಗಡೆ ಕೂತು, ಅಗತ್ಯ ಮುಗಿದ ಮೇಲೂ ಆರು ತಿಂಗಳು ಕೈ ಇಟ್ಟಿದ್ದೆ. ಅವಳ ಭುಜದಲ್ಲಾಗಲಿ ಧೈರ್ಯದಲ್ಲಾಗಲಿ ಕೊರತೆ ಇಲ್ಲ. ಹಾರುವ ಮೊದಲು ಅವಳು ಪಕ್ಕಕ್ಕೆ ನೋಡಿದರೆ ದಯವಿಟ್ಟು ತಾವು ಅಲ್ಲಿ ಇರಬೇಡಿ. ಉಳಿದಂತೆ, ತುಂಬಾ ಮಾತಾಡುತ್ತಾಳೆ. ಕೈಮೇಲೆ ನಿಂತಾಗ ಮಾತಾಡಲು ಬಿಟ್ಟರೆ ಹೆಚ್ಚು ಹೊತ್ತು ನಿಲ್ಲುತ್ತಾಳೆ.’

ಕೊನೆಯ ವಾಕ್ಯವನ್ನು ಹೊಡೆದುಹಾಕಬೇಕೆಂದುಕೊಂಡು, ಬಿಟ್ಟೆ. ಸಹಿ ಹಾಕಿ ಲಕೋಟೆಗೆ ಗೋಂದು ಹಚ್ಚಿದೆ. ಸ್ನಾನ ಮಾಡಿ, ಅಂಚೆ ಕಚೇರಿಗೆ ನಡೆದು ಹೋಗಿ, ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕಾದು, ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ.